ಮನೆ ವಿಮೆ ಎಷ್ಟಕ್ಕೆ? ನಾನು ಲೆಕ್ಕ ಹಾಕಿದ ಬಗೆ

ಮೈಸೂರಿನಲ್ಲಿ ನಮ್ಮದು ಮೂವತ್ತು-ನಲವತ್ತರ ಸೈಟು. ಕೆಳಗೆ, ಮೇಲೆ ಸೇರಿ 18 ಚದರದ, ಅಂದರೆ 1,800 ಚದರ ಅಡಿಯ ಮನೆ. ವಿಮೆ ಮಾಡಿಸಲು ಹೊರಟಾಗ ಏಜೆಂಟರು, "ಸಾಲ ಎಷ್ಟು ಬಾಕಿ ಇದೆಯೋ ಅಷ್ಟಕ್ಕೆ ಮಾಡಿಸಿ ಸಾರ್" ಅಂದರು. ಅದು ಬ್ಯಾಂಕಿಗೆ ಸಾಕು, ನಮಗಲ್ಲ. ನೆಂಟರೊಬ್ಬರು, ಮನೆ ಮಾರಿದರೆ ಕೋಟಿ ದಾಟುತ್ತೆ, ಕೋಟಿಗೇ ಮಾಡಿಸು ಅಂದರು. ಆ ಕೋಟಿಯಲ್ಲಿ ಸೈಟಿನ ಪಾಲೇ ಜಾಸ್ತಿ. ಮನೆ ಸುಟ್ಟರೂ ಸೈಟು ಎಲ್ಲೂ ಹೋಗುವುದಿಲ್ಲ, ಅಲ್ವಾ? ಬೇಕಿರುವುದು ಇದೇ ಮನೆಯನ್ನು ಇವತ್ತಿನ ರೇಟಿನಲ್ಲಿ ಮತ್ತೆ ಕಟ್ಟುವ ಖರ್ಚು.

ನಾನು ಆರಿಸಿದ್ದು ಭಾರತ್ ಗೃಹ ರಕ್ಷಾ ಪಾಲಿಸಿ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ನಿಯಮಗಳು ಎಲ್ಲ ಕಂಪನಿಗಳಲ್ಲೂ ಒಂದೇ. ಇದರಲ್ಲಿ ವಿಮೆಯ ಮೊತ್ತ ಗೊತ್ತುಮಾಡಲು ಕಾರ್ಪೆಟ್ ಏರಿಯಾವನ್ನು ಚದರ ಮೀಟರ್ ಒಂದಕ್ಕೆ ಕಟ್ಟಲು ತಗಲುವ ಖರ್ಚಿನಿಂದ ಗುಣಿಸುತ್ತಾರೆ.

ಎಡವಟ್ಟು ಆಗುವುದು ಇಲ್ಲೇ. ಕಾರ್ಪೆಟ್ ಅಂದರೆ ಹೊರಗೋಡೆಗಳ ಒಳಗಿನ ನೆಲ. ಕಾಂಟ್ರಾಕ್ಟರ್ ರೇಟು ಹೇಳುವುದು ಗೋಡೆ ಸೇರಿದ ಬಿಲ್ಟ್ ಅಪ್‌ಗೆ. ನಮ್ಮ ಬಡಾವಣೆಯಲ್ಲೇ ಮನೆ ಕಟ್ಟಿಸುತ್ತಿದ್ದ ಕಾಂಟ್ರಾಕ್ಟರ್ ಹತ್ತಿರ ಕೇಳಿದೆ. ತೇಗದ ಬಾಗಿಲು, ಗ್ರಾನೈಟ್ ನೆಲ ಎಲ್ಲ ಹೀಗೇ ಇರಬೇಕು ಅಂತ ಮನೆ ತೋರಿಸಿದೆ. ಅಡಿಗೆ 2,200 ರೂಪಾಯಿ ಅಂದರು. 1,800 ಅಡಿಗೆ 39.6 ಲಕ್ಷ. ಟೇಪು ಹಿಡಿದು ಒಳಗೆಲ್ಲ ಅಳೆದರೆ ಕಾರ್ಪೆಟ್ 1,450 ಅಡಿ ಬಂತು. ಅದಕ್ಕೇ 2,200 ಹಾಕಿಬಿಟ್ಟರೆ 31.9 ಲಕ್ಷ ಆಗುತ್ತದೆ. ಗೋಡೆಗಳನ್ನು ಯಾರು ಕಟ್ಟಿಕೊಡುತ್ತಾರೆ? ಹಾಗಾಗಿ ಉಲ್ಟಾ ಬಂದೆ. 1,450 ಅಡಿ ಅಂದರೆ 134.7 ಚದರ ಮೀಟರ್. 39.6 ಲಕ್ಷವನ್ನು ಅದರಿಂದ ಭಾಗಿಸಿದರೆ ಮೀಟರಿಗೆ ಸುಮಾರು 29,400. ಫಾರಂನಲ್ಲಿ ಬರೆದದ್ದು ಅದನ್ನೇ.

ಕಾಂಪೌಂಡು, ಸಂಪು, ಸೋಲಾರ್ ಪ್ಯಾನೆಲ್ ಕಾಂಟ್ರಾಕ್ಟರ್ ರೇಟಿನಲ್ಲಿ ಇರಲಿಲ್ಲ. ಅವಕ್ಕೆ 3 ಲಕ್ಷ ಬೇರೆ ಸೇರಿಸಿದೆ. ಒಟ್ಟು 42.6 ಲಕ್ಷ. ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20, ಗರಿಷ್ಠ 10 ಲಕ್ಷ, ತಾನಾಗಿಯೇ ಸಿಗುತ್ತದೆ. ಒಡವೆಗೆ ಬೇರೆ ಕವರ್ ತೆಗೆದುಕೊಳ್ಳಬೇಕು.

ಮೊತ್ತ ಕಮ್ಮಿ ಬರೆದಿದ್ದೀರಿ ಅಂತ ಕ್ಲೇಮನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಪದ್ಧತಿ ಈ ಪಾಲಿಸಿಯಲ್ಲಿಲ್ಲ. ಹಾಗಂತ ಸುಮ್ನೆ ಕಮ್ಮಿ ಬರೆದರೆ ಲಾಭವಿಲ್ಲ, ಮನೆ ಪೂರ್ತಿ ಹೋದರೆ ಬರೆದದ್ದಕ್ಕಿಂತ ಹೆಚ್ಚು ಬರುವುದಿಲ್ಲ. ಅವಶೇಷ ತೆಗೆಸಲು ಕ್ಲೇಮಿನ ಶೇ. 2, ಆರ್ಕಿಟೆಕ್ಟ್, ಎಂಜಿನಿಯರ್ ಫೀಸಿಗೆ ಶೇ. 5ರವರೆಗೆ ಕೊಡುತ್ತಾರೆ. ಲಾರಿ ತಿರುಗದ ನಮ್ಮ ರಸ್ತೆಗೆ ಆ ಶೇ. 2 ಸಾಲದು ಅಂತ ನನ್ನ ಅನಿಸಿಕೆ.

ಒಂದು ವರ್ಷಕ್ಕಿಂತ ಹೆಚ್ಚಿನ ಪಾಲಿಸಿಯಲ್ಲಿ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನೇ ಏರುತ್ತದೆ. ಸಿಮೆಂಟು, ಕೂಲಿ ಏರುವುದನ್ನು ನೋಡಿದರೆ ಇದು ಬೇಕೇ ಬೇಕು. ಅದಕ್ಕೇ 5 ವರ್ಷದ್ದು ತೆಗೆದುಕೊಂಡೆ. ತಾರಸಿ ಮೇಲೆ ಒಂದು ರೂಮು ಎತ್ತುವ ಯೋಚನೆ ಇದೆ. ಅದು ಈ ಏರಿಕೆಯಲ್ಲಿ ಬರುವುದಿಲ್ಲ. ಮೋಲ್ಡ್ ಹಾಕಿದ ಮೇಲೆ ಮತ್ತೆ ಅಳೆದು, ಕಂಪನಿಗೆ ತಿಳಿಸಿ, ಮೊತ್ತ ಏರಿಸಿಕೊಳ್ಳಬೇಕು.