ಆರಡಿ ಕ್ಯಾನ್ವಾಸಿನ ಮುಂದೆ ಕೈ ತಡೆದಾಗ

ಬೇಕಲ ಕೋಟೆಯ ಚಿತ್ರಕ್ಕೆ ಆರಡಿ ಉದ್ದ, ನಾಲ್ಕಡಿ ಎತ್ತರದ ಕ್ಯಾನ್ವಾಸ್. ಕೈ ತಡೆದದ್ದು ಅದರ ಬಿಳುಪು. ಬಿಳಿಯ ಮೇಲೆ ಯಾವ ಬಣ್ಣ ಹಚ್ಚಿದರೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಹೆದರಿ ತೆಳುವಾಗಿಸುತ್ತೇವೆ, ಚಿತ್ರ ಸಪ್ಪೆಯಾಗುತ್ತದೆ. ಹಾಗಾಗಿ ಮೊದಲು ಬಿಳಿಯನ್ನೇ ತೆಗೆದೆ: ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ ಇಡೀ ಕ್ಯಾನ್ವಾಸಿಗೆ ಬಳಿದು, ಹಸಿ ಇರುವಾಗಲೇ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿದೆ. ಕೋಟೆಯ ಕೆಂಪು ಮುರಕಲ್ಲಿಗೆ ಇದಕ್ಕಿಂತ ಒಳ್ಳೆಯ ತಳ ಬೇರೆ ಇಲ್ಲ. ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಇದು ನಿಧಾನ ಒಣಗುತ್ತದೆ. ಬೆರಳಿಗೆ ತಣ್ಣಗೆ ತಾಗಿದರೆ ಇನ್ನೂ ಹಸಿ ಇದೆ, ಕಾಯಬೇಕು.

ಸ್ಕೆಚ್ಚನ್ನು ಚೌಕ ಚೌಕವಾಗಿ ಕ್ಯಾನ್ವಾಸಿಗೆ ಇಳಿಸಲು, 9×6 ಇಂಚಿನ ಸ್ಕೆಚ್ಚಿಗೆ ಒಂದಿಂಚಿನ ಚೌಕ, ಕ್ಯಾನ್ವಾಸಿಗೆ 8 ಇಂಚಿನ ಚೌಕ: ಎರಡರಲ್ಲೂ 54 ಚೌಕ. ಗೆರೆಗೆ ಸೀಮೆಸುಣ್ಣ ಸಾಕು. ಇದ್ದಿಲಿನ ಪುಡಿ ಬಣ್ಣಕ್ಕೆ ಸೇರಿದರೆ ಆಕಾಶ ಕೊಳೆಯಾಗುತ್ತದೆ.

ಆಮೇಲೆ ಗೋಡೆಗೆ ಬಣ್ಣ ಹೊಡೆಯುವ ಎರಡೂವರೆ ಇಂಚಿನ ಬ್ರಷ್. ಆಕಾಶ, ಸಮುದ್ರ, ಕೋಟೆ, ಮೂರೇ ಛಾಯೆ. ಹತ್ತಡಿ ಹಿಂದೆ ನಿಂತು, ಕಣ್ಣು ಅರೆಮುಚ್ಚಿ ನೋಡಿದಾಗ ಮೂರೂ ಬೇರೆ ಬೇರೆ ಕಾಣಬೇಕು. ಎಲ್ಲ ಚೌಕ ತುಂಬುವವರೆಗೆ ಸಣ್ಣ ಬ್ರಷ್ ಮುಟ್ಟಲೇಬೇಡಿ. ಒಂದು ಮೂಲೆ ಚೆಂದವಾಗಿ ಮುಗಿದುಬಿಟ್ಟರೆ ಅದನ್ನು ಕೆಡಿಸಲು ಮನಸ್ಸು ಬಾರದೆ, ಉಳಿದದ್ದಕ್ಕೆ ಮತ್ತೆ ಕೈ ತಡೆಯುತ್ತದೆ.