ಒಂದು ಅಡಿಯಿಂದ ಒಂದು ಗೇಣಿಗೆ: ಗೋಧಿ ಸಾಲಿನಲ್ಲಿ ನನ್ನ ಅನುಭವ

ನಮ್ಮ ಹೊಲ ನವಲಗುಂದ ತಾಲೂಕಿನಲ್ಲಿದೆ. ಪೂರ್ತಿ ಎರೆ ಭೂಮಿ. ಏಳು ಎಕರೆಯಲ್ಲಿ ಮೂರು ಎಕರೆಗೆ ಮಲಪ್ರಭಾ ಕಾಲುವೆ ನೀರು ಹಾಯುತ್ತದೆ. ಉಳಿದ ನಾಲ್ಕು ಎಕರೆ ಮಳೆಯ ಹಸಿ ಮೇಲೆಯೇ ಬೆಳೆಯಬೇಕು. ಹಿಂಗಾರಿ ಗೋಧಿಗೆ ಅಪ್ಪನ ಕಾಲದಿಂದ ನಮ್ಮಲ್ಲಿ ಒಂದೇ ಅಳತೆ: ಸಾಲಿನಿಂದ ಸಾಲಿಗೆ ಒಂದು ಅಡಿ. ನೀರಿದ್ದ ಹೊಲಕ್ಕೂ ಅದೇ, ಇಲ್ಲದ ಹೊಲಕ್ಕೂ ಅದೇ. ಟ್ರ್ಯಾಕ್ಟರ್ ಕೂರಿಗೆ ಬಂದ ಮೇಲೂ, ಬಾಡಿಗೆಗೆ ಬಂದವರು ಕಡಲೆಗೆ ಇಟ್ಟ ತಾಳುಗಳ (ನೆಲ ಸೀಳಿ ಬೀಜ ಬಿಡುವ ಕೂರಿಗೆಯ ಕಾಲುಗಳ) ಅಂತರದಲ್ಲೇ ಗೋಧಿ ಬಿತ್ತಿ ಹೋಗುತ್ತಿದ್ದರು. ನಾವೂ ಸುಮ್ನೆ ಇರುತ್ತಿದ್ದೆವು.

ನನ್ನ ಕಣ್ಣು ತೆರೆಸಿದ್ದು ಒಂದು ಖಾಲಿ ಸಾಲು. ಒಂದು ವರ್ಷ ನೀರಾವರಿ ಹೊಲದಲ್ಲಿ ಬಿತ್ತುವಾಗ ಕೂರಿಗೆಯ ಒಂದು ಕೊಳವೆಗೆ ಹಸಿ ಮಣ್ಣು ಕಟ್ಟಿಕೊಂಡಿತ್ತು. ಯಾರೂ ನೋಡಲಿಲ್ಲ. ಪೈರು ಎದ್ದಾಗ ಹೊಲದುದ್ದಕ್ಕೂ ಎರಡು ಅಡಿ ಅಗಲದ ಪಟ್ಟಿ ಬರಿದಾಗಿತ್ತು. ಜನವರಿಯಲ್ಲಿ ಆ ಪಟ್ಟಿಯಲ್ಲಿ ಕಸ ಕೀಳಲು ಕೂತಾಗ ಪಕ್ಕದ ಸಾಲಿನ ಒಂದು ಗಿಡ ಕಿತ್ತು ನೋಡಿದೆ. ಬುಡದಿಂದ ಒಡೆದ ಕವಲು, ಅಂದರೆ ತೆಂಡೆ, ಏಳು; ಏಳಕ್ಕೂ ತೆನೆ. ನಾಲ್ಕು ಸಾಲು ಒಳಗೆ ಹೋಗಿ ಇನ್ನೊಂದು ಕಿತ್ತೆ. ಅದರಲ್ಲಿ ಎರಡೇ ತೆನೆ, ಮೂರನೇ ತೆಂಡೆ ಒಣಗಿ ಹಳದಿಯಾಗಿತ್ತು. ಬೀಜ ಅದೇ, ಗೊಬ್ಬರ ಅದೇ, ನೀರೂ ಅದೇ. ಒಳಗಿನ ಸಾಲಿನಲ್ಲಿ ಗಿಡಗಳು ಬುಡಕ್ಕೆ ಬುಡ ತಾಗಿ ನಿಂತಿದ್ದವು. ಅತ್ತ ಎರಡು ಸಾಲಿನ ನಡುವೆ ಅಷ್ಟಗಲ ನೆಲ ಖಾಲಿ ಬಿದ್ದು ಬಿಸಿಲು ಕುಡಿಯುತ್ತಿತ್ತು.

ಅವತ್ತು ರಾತ್ರಿ ಲೆಕ್ಕಕ್ಕೆ ಕೂತೆ. ಒಂದು ಎಕರೆಯಲ್ಲಿ ಒಂದು ಅಡಿ ಅಂತರದ ಸಾಲುಗಳನ್ನೆಲ್ಲ ಜೋಡಿಸಿದರೆ ಸುಮಾರು 13,500 ಮೀಟರ್ ಉದ್ದ. ಅದೇ ಒಂದು ಗೇಣು, ಅಂದರೆ 9 ಇಂಚು ಇಟ್ಟರೆ 18,000 ಮೀಟರ್. ಎಕರೆಗೆ 50 ಕೆಜಿ ಬೀಜ ಹಾಕಿದರೆ ಒಂದು ಅಡಿ ಅಂತರದಲ್ಲಿ ಪ್ರತಿ ಮೀಟರ್‌ ಸಾಲಿಗೆ ಸುಮಾರು 90 ಕಾಳು ಬೀಳುತ್ತವೆ. ಗೇಣಿನ ಸಾಲಿನಲ್ಲಿ 70. ಬೀಜ ಒಂದು ಕಾಳೂ ಜಾಸ್ತಿ ಆಗಲಿಲ್ಲ, ಆದರೆ ಗಿಡಕ್ಕೆ ಜಾಗ ಸಿಕ್ಕಿತು, ಅಲ್ವಾ?

ಮುಂದಿನ ವರ್ಷ ನೀರಾವರಿಯ ಮೂರು ಎಕರೆಯಲ್ಲಿ ಅರ್ಧಕ್ಕೆ ಗೇಣಿನ ಸಾಲು ಮಾಡಿದೆ. ಅಪ್ಪನಿಗೆ ಇಷ್ಟವಿರಲಿಲ್ಲ. "ಇಷ್ಟು ಹತ್ರ ಬಿತ್ತಿದ್ರ ಎಡಿ ಹ್ಯಾಂಗ ಹೊಡೀತೀಯೋ ತಮ್ಮಾ?" ಅಂದರು. ಮಾತು ಸರಿಯೇ ಇತ್ತು. ಸಾಲಿನ ನಡುವೆ ಹಾಯಿಸಿ ಕಸ ತೆಗೆಯುವ ನಮ್ಮ ಎಡೆಕುಂಟೆ 9 ಇಂಚಿನಲ್ಲಿ ಹೋಗುವುದಿಲ್ಲ. ಒಂದು ಸಲ ಆಳು ಹಚ್ಚಿ ಕೈಯಿಂದಲೇ ಕಸ ತೆಗೆಸಬೇಕಾಯಿತು.

ತಾಳು ಸರಿಸುವಾಗ ಒಂದು ತಪ್ಪು ಆಗುವುದರಲ್ಲಿತ್ತು, ಅದನ್ನು ಹೇಳಲೇಬೇಕು. ತಾಳುಗಳನ್ನು ಹತ್ತಿರ ತಂದು ಬೀಜ ಎಷ್ಟು ಬೀಳಬೇಕೆಂದು ಹೊಂದಿಸುವ ಕೂರಿಗೆಯ ಪಟ್ಟಿಯನ್ನು ಹಳೆಯ ಗುರುತಿನಲ್ಲೇ ಬಿಟ್ಟರೆ, ಎಕರೆಗೆ 50 ಕೆಜಿ ಬೀಳುವ ಕಡೆ ಹತ್ತಿರ ಹತ್ತಿರ 67 ಕೆಜಿ ಬೀಳುತ್ತದೆ. ಆಗ ಸಾಲು ಹತ್ತಿರ ಮಾಡಿ ಏನು ಬಂತು, ಸಾಲಿನೊಳಗೆ ಅದೇ ಇಕ್ಕಟ್ಟು. ಅದಕ್ಕೇ ಬಿತ್ತುವ ಮೊದಲು ಒಂಬತ್ತು ಕೊಳವೆಗೂ ಒಂದೊಂದು ಪ್ಲಾಸ್ಟಿಕ್ ಚೀಲ ಕಟ್ಟಿ, ಮನೆ ಮುಂದಿನ ದಾರಿಯಲ್ಲಿ 20 ಮೀಟರ್ ಓಡಿಸಿದೆವು. ಒಂಬತ್ತು ತಾಳು, ಗೇಣಿನ ಅಂತರ, 20 ಮೀಟರ್ ಅಂದರೆ ಎಕರೆಯ ನೂರನೇ ಒಂದು ಭಾಗ. ಎಲ್ಲ ಚೀಲ ಸೇರಿ ಅರ್ಧ ಕೆಜಿ ತೂಗಬೇಕು, ಒಂದೊಂದರಲ್ಲಿ 55 ಗ್ರಾಂ. ನಮ್ಮದರಲ್ಲಿ ಎರಡು ಚೀಲ 40 ಗ್ರಾಂ ಕೂಡ ಮುಟ್ಟಲಿಲ್ಲ. ಬಿಚ್ಚಿ ನೋಡಿದರೆ ಕೊಳವೆಯಲ್ಲಿ ಹಳೇ ಕಡಲೆ ಹೊಟ್ಟು ಸಿಕ್ಕಿಕೊಂಡಿತ್ತು.

ಬಿತ್ತಿದ್ದು ನವೆಂಬರ್ ಮೊದಲ ವಾರ, ಯುಎಎಸ್-304 ಎಂಬ ಗೋಧಿ ತಳಿ. 35 ದಿನಕ್ಕೆ ಗೇಣಿನ ಸಾಲುಗಳು ಒಂದಕ್ಕೊಂದು ಕೂಡಿ ನೆಲ ಮುಚ್ಚಿದವು. ಒಂದು ಅಡಿಯ ಕಡೆ ಇನ್ನೂ ಕಪ್ಪು ಮಣ್ಣು ಕಾಣುತ್ತಿತ್ತು, ಕಸವೂ ಅಲ್ಲೇ ಜಾಸ್ತಿ. ರಾಶಿ ಮಾಡಿದಾಗ ಹಳೆಯ ಸಾಲಿನಲ್ಲಿ ಎಕರೆಗೆ 11 ಕ್ವಿಂಟಲ್, ಗೇಣಿನ ಸಾಲಿನಲ್ಲಿ 13. ಕಾಳಿನ ತೂಕದಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ತೆನೆಗಳ ಸಂಖ್ಯೆಯೇ ಹೆಚ್ಚಾಗಿತ್ತು.

ಆ ಖುಷಿಯಲ್ಲಿ ಮರುವರ್ಷ ಮಳೆಯಾಶ್ರಿತ ಹೊಲದ ಒಂದು ಎಕರೆಗೂ ಗೇಣು ಇಟ್ಟೆ. ಅಲ್ಲಿ ಬಿತ್ತಿದ್ದು ಬಿಜಗ ಯಲ್ಲೋ ಎಂಬ ತಳಿ, ಅದರ ರವೆ, ಶಾವಿಗೆ ಬಿಟ್ಟರೆ ಅಪ್ಪನಿಗೆ ಬೇರೆ ಬೇಡ. ಡಿಸೆಂಬರ್‌ವರೆಗೆ ನೋಡಲು ಚಂದವೋ ಚಂದ. ಜನವರಿಯಲ್ಲಿ ಎಲೆ ತುದಿ ಒಣಗತೊಡಗಿತು. ಎರೆ ಭೂಮಿಯಲ್ಲಿ ಹಸಿ ಇರುವುದು ಒಂದು ಗಡಿಗೆ ನೀರಿದ್ದ ಹಾಗೆ, ಮತ್ತೆ ತುಂಬುವವರಿಲ್ಲ. ಬೇಗ ನೆಲ ಮುಚ್ಚಿದ ಪೈರು ಅದನ್ನು ಬೇಗ ಕುಡಿದು ಮುಗಿಸಿತು. ಕಾಳು ತುಂಬುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಕೈ ತೂರುವಷ್ಟು ಬಿರುಕು ಬಿಟ್ಟಿತು, ಎಡೆ ಹೊಡೆದು ಅದನ್ನು ಮುಚ್ಚೋಣ ಅಂದರೆ ಕುಂಟೆ ಹೋಗಲ್ಲ. ಪಕ್ಕದಲ್ಲೇ ಅಪ್ಪ ಒಂದು ಅಡಿಯಲ್ಲಿ ಬಿತ್ತಿ ಎರಡು ಸಲ ಎಡೆ ಹೊಡೆದಿದ್ದರು. ಅಲ್ಲಿ 5 ಕ್ವಿಂಟಲ್, ನನ್ನದು ಮೂರೂವರೆ, ಅದೂ ಬಡಕಲು ಕಾಳು. ಅಪ್ಪ ಯಾಕೆ ಆ ಅಳತೆ ಬಿಟ್ಟುಕೊಡಲಿಲ್ಲ ಅಂತ ಅವತ್ತು ಅರ್ಥವಾಯಿತು. ಒಣ ಬೇಸಾಯದಲ್ಲಿ ಒಂದು ಅಡಿಯನ್ನು ಆಮೇಲೆ ನಾನು ಮುಟ್ಟಿಲ್ಲ. ಬೀಜವನ್ನು ಮಾತ್ರ 40 ಕೆಜಿಗೆ ಇಳಿಸಿದೆ.

ಇನ್ನೂ ಹತ್ತಿರ, 7 ಇಂಚಿನಲ್ಲಿ ಎರಡು ಸಲ ಬಿತ್ತಿದ್ದೇನೆ. ಒಮ್ಮೆ ಹಿಂದಿನ ಬೆಳೆ ತಡವಾಗಿ ಬಿತ್ತನೆ ಡಿಸೆಂಬರ್‌ಗೆ ಹೋಯಿತು. ತಡವಾದ ಗೋಧಿಗೆ ತೆಂಡೆ ಒಡೆಯಲು ಪುರಸೊತ್ತಿಲ್ಲ, ಫೆಬ್ರವರಿ ಬಿಸಿಲು ಬೆನ್ನಟ್ಟಿರುತ್ತದೆ. ಗಿಡಕ್ಕೆ ಎರಡೇ ತೆನೆ ಬರುವುದಾದರೆ ಗಿಡಗಳೇ ಜಾಸ್ತಿ ಬೇಕು. ಅದಕ್ಕೆ 7 ಇಂಚು, ಬೀಜ 60 ಕೆಜಿ. ಚೆನ್ನಾಗಿ ಬಂತು. ಇನ್ನೊಮ್ಮೆ ನವೆಂಬರ್‌ನಲ್ಲೇ ಅದೇ ಅಳತೆ, ಅದೇ ಬೀಜ ಇಟ್ಟು ಯೂರಿಯಾವನ್ನೂ ಧಾರಾಳ ಕೊಟ್ಟೆ. ಕಾಳು ಹಾಲು ತುಂಬಿದ್ದಾಗ ನೀರು ಹಾಯಿಸಿದ ಸಂಜೆಯೇ ಗಾಳಿ ಎದ್ದಿತು. ಬೆಳಿಗ್ಗೆ ಹೋದರೆ ಅರ್ಧ ಹೊಲ ಮಲಗಿತ್ತು. ಕೆಳಗಾದ ತೆನೆ ಕಪ್ಪಾದವು. ಆ ನೋವು ಇವತ್ತಿಗೂ ಇದೆ.

ಈಗ ನಮ್ಮದೇ ಕೂರಿಗೆ ಇದೆ. ಚೌಕಟ್ಟಿನ ಮೇಲೆ ಬಿಳಿ ಬಣ್ಣದಲ್ಲಿ 9 ಇಂಚಿನ ಗುರುತು, ಕೆಂಪಿನಲ್ಲಿ 12 ಇಂಚಿನದು ಹಾಕಿದ್ದೇನೆ. ತಾಳು ಬಿಗಿ ಮಾಡಿದ ಮೇಲೂ ಟೇಪು ಹಿಡಿದು ತುದಿಯಿಂದ ತುದಿಗೆ ಅಳೆಯುತ್ತೇನೆ, ಯಾಕಂದರೆ ಮೇಲೆ ಸರಿ ಇದ್ದರೂ ಬಾಗಿದ ತಾಳು ಕೆಳಗೆ ಎರಡು ಇಂಚು ಓಡಿರುತ್ತದೆ. ಬಿತ್ತಿದ ಹತ್ತನೇ ದಿನ ಮೀಟರ್ ಕೋಲು ಇಟ್ಟು ಐದು ಕಡೆ ಸಸಿ ಎಣಿಸುತ್ತೇನೆ. ನೀರಾವರಿ ಹೊಲದಲ್ಲಿ ಕೋಲಿಗೆ 60 ಸಸಿ ಸಿಕ್ಕರೆ ನನಗೆ ಸಾಕು.