ಸುಳ್ಳು ಅಂಗಡಿಗೆ ಕೆಟಲಾಗ್ ಬರೆಯುವ ಬಗೆ

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಬಯಲಾಟದ ನೋಟೀಸು, ಜೆರಾಕ್ಸು. ಅಕ್ಕನ ಮಗಳು ಶಾಲೆಯ ವಾರ್ಷಿಕೋತ್ಸವಕ್ಕೆ 'ದುರ್ವಾಸ ಆಂಡ್ ಸನ್ಸ್' ಅಂತ ಸುಳ್ಳು ಅಂಗಡಿ ಇಟ್ಟಾಗ ಕೆಟಲಾಗ್ ಬರೆಯುವ ಕೆಲಸ ನನ್ನ ತಲೆಗೇ ಬಿತ್ತು.

ಮೊದಲು ಬರೀ ಹೆಸರು ಹಾಕಿದೆ. ಕುಂಭಕರ್ಣ ಹಾಸಿಗೆ, ಶಬರಿ ಹಣ್ಣು. ಯಾರೂ ನಗಲಿಲ್ಲ. ಒಬ್ಬರಂತೂ ಹಾಸಿಗೆಗೆ ಎಷ್ಟು ಅಂತ ಕೇಳಿದರು! ಅಂಥ ಹೆಸರಿನ ನಿಜವಾದ ಬೋರ್ಡು ಎಲ್ಲ ಕಡೆ ಇರುತ್ತದೆ, ಅಲ್ವಾ?

"ಮಾವ, ಷರತ್ತು ಹಾಕಿ" ಅಂದಳು ಹುಡುಗಿ. ಗುಟ್ಟು ಅದೇ. ನಗು ಇರುವುದು ಬಿಲ್ಲಿನ ಹಿಂದಿನ ಸಣ್ಣ ಅಕ್ಷರಗಳಲ್ಲಿ.

ಷರತ್ತನ್ನು ನೀವಾಗಿ ಹುಟ್ಟಿಸಬೇಡಿ. ಕತೆಯಲ್ಲೇ ಇರುತ್ತದೆ, ಹುಡುಕಿ. ಅಕ್ಷಯ ಪಾತ್ರೆ ದ್ರೌಪದಿ ಉಂಡ ಮೇಲೆ ಆ ದಿನಕ್ಕೆ ಖಾಲಿ. ಹಾಗಾಗಿ, "ಮನೆಯಾಕೆ ಉಂಡ ಮೇಲೆ ಬರುವ ನೆಂಟರಿಗೆ ಕಂಪನಿ ಹೊಣೆಯಲ್ಲ." ಆ ಹೊತ್ತಿಗೆ ಶಿಷ್ಯರ ದಂಡು ಕಟ್ಟಿಕೊಂಡು ಬಂದವರು ಯಾರು? ನಮ್ಮ ಮಾಲೀಕರೇ. ಇದನ್ನು ಬಿಡಿಸಿ ಹೇಳಬೇಡಿ, ಓದುವವರೇ ಕಂಡುಕೊಳ್ಳಲಿ.

ಶಕುಂತಲೆಯ ಉಂಗುರಕ್ಕೆ, "ನೀರಿಗೆ ಬಿದ್ದರೆ ಮೀನು ಮಾರ್ಕೆಟಿನಲ್ಲಿ ವಿಚಾರಿಸಿ, ಬಂಗುಡೆಯ ಹೊಟ್ಟೆ ನೋಡಿ" ಅಂತ ಬರೆದಿದ್ದೆ. ಸಂಸ್ಕೃತ ಟೀಚರ್ ಹಿಡಿದರು. ಕಾಳಿದಾಸ ಹೇಳಿದ್ದು ರೋಹಿತ, ಅದು ಹೊಳೆಯ ಮೀನು. ಬಂಗುಡೆ ಕಡಲಿನದು. ತಿದ್ದಿದೆ: "ಬಂಗುಡೆ ಕೊಯ್ದು ಬಂದು ಜಗಳ ಮಾಡಬೇಡಿ." ತಪ್ಪು ಮಾಡಿದ್ದಕ್ಕೇ ಒಳ್ಳೆಯ ಸಾಲು ಸಿಕ್ಕಿತು.

ಊರಿನ ವಿಷಯ ಒಂದಾದರೂ ಇರಲಿ. ನಮ್ಮ ಕಡೆ ನೀರಿಗೆ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡುತ್ತಾರೆ. ಒಳಗೆ ಗಾಳಿ ಸಾಕೋ ಅಂತ ನೋಡಲು ಮೇಣದ ಬತ್ತಿ ಹಚ್ಚಿಕೊಂಡು ಹೋಗುವುದು ರೂಢಿ. ಪಾಂಡವರು ಅರಗಿನ ಮನೆಯಿಂದ ಪಾರಾದದ್ದೂ ಸುರಂಗದಲ್ಲೇ. ತೋಡಲು ಆಳು ಕಳಿಸಿದವನು ವಿದುರ. ಎರಡನ್ನೂ ಸೇರಿಸಿದೆ: "ಅರಗಿನ ಮನೆ, ಸುರಂಗ ಸಹಿತ. ಕೆಲಸದಾಳು ವಿದುರರ ಕಡೆಯವನು. ಗಾಳಿ ನೋಡಲು ಮೇಣದ ಬತ್ತಿ ಹಚ್ಚಬಾರದು." ಎಷ್ಟೋ ಸುರಂಗ ತೋಡಿದ ಪಕ್ಕದ ಮನೆಯ ಅಜ್ಜ ಇದನ್ನು ಎರಡು ಸಲ ಓದಿಸಿ ಕೇಳಿದರು. ಬತ್ತಿ ಹಿಡಿದಂತೆ ಕೈ ಮಾಡಿ ಕೆಮ್ಮು ಬರುವಷ್ಟು ನಕ್ಕರು.

ಬೆಲೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಕ್ಕಡಿಗೆ "ಒಂದು ತುಳಸಿ ದಳ" ಸಾಕು. ಎ4 ಹಾಳೆ, ಮೂರು ಮಡಿಕೆ. ಬೋರ್ಡು ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ಕೆಟಲಾಗಿನ ಕೊನೆಗೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ: "ದೂರುಗಳಿದ್ದರೆ ನೇರವಾಗಿ ಮಾಲೀಕರನ್ನೇ ಕಾಣಿರಿ."